ಅಪ್ಪನ 1978ರ ಪದ್ಮಿನಿಯನ್ನು ‘ಟೋಟಲ್ ಲಾಸ್’ ಅಂತಿದ್ದಾರೆ. ಆರ್‌ಸಿ ಕೊಟ್ಟುಬಿಡಬೇಕಾ?

ಪದ್ಮಿನಿ ಮಗಳು, ಮೈಸೂರು

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನಮ್ಮ ಮನೆಯಲ್ಲಿ 1978ರ ಪ್ರೀಮಿಯರ್ ಪದ್ಮಿನಿ ಇದೆ. ತಾತ ಹೊಸದಾಗಿ ತಗೊಂಡಿದ್ದು, ಆಮೇಲೆ ಅಪ್ಪನ ಹೆಸರಿಗೆ ಬಂತು. ಸ್ಟೀರಿಂಗ್ ಪಕ್ಕದ ಗೇರು, ಅದೇ ಹಳೇ ಇಂಜಿನ್, ಎಲ್ಲ ಕಂಪನಿಯಿಂದ ಬಂದ ಹಾಗೇ ಇದೆ. ಹೋದ ತಿಂಗಳು ಶ್ರೀರಂಗಪಟ್ಟಣದಿಂದ ವಾಪಸ್ ಬರುವಾಗ ಸಿಗ್ನಲ್‌ನಲ್ಲಿ ನಿಂತಿದ್ದೆವು. ಹಿಂದಿನಿಂದ ಒಂದು ಗೂಡ್ಸ್ ಟೆಂಪೋ ಬಂದು ಗುದ್ದಿತು. ನಮಗೆ ಯಾರಿಗೂ ಏನೂ ಆಗಲಿಲ್ಲ. ಗಾಡಿಯ ಹಿಂದಿನ ಬಂಪರ್ ಮಡಚಿ ಹೋಗಿದೆ. ಡಿಕ್ಕಿಯ ಬಾಗಿಲು ಮುಚ್ಚುತ್ತಿಲ್ಲ, ಎರಡೂ ಟೈಲ್ ಲ್ಯಾಂಪ್ ಪುಡಿ, ಹಿಂದಿನ ಪ್ಯಾನೆಲ್ ಒಳಗೆ ಕುಳಿತಿದೆ. ಇಂಜಿನ್ ಚೆನ್ನಾಗಿದೆ. ಮನೆಗೆ ಓಡಿಸಿಕೊಂಡೇ ಬಂದೆವು.

ಅಪ್ಪ ಪ್ರತಿ ವರ್ಷ ತಪ್ಪದೆ ಫುಲ್ ಇನ್ಶೂರೆನ್ಸ್ ಕಟ್ಟಿದ್ದಾರೆ. ಪಾಲಿಸಿಯಲ್ಲಿ ಐಡಿವಿ, ಅಂದರೆ ಗಾಡಿಯ ಬೆಲೆ ಅಂತ ಬರೆದಿರುವ ಮೊತ್ತ, 60,000 ರೂಪಾಯಿ. ಕಂಪನಿಯವರು ಹೇಳಿದ ಗ್ಯಾರೇಜ್‌ನಲ್ಲಿ ರಿಪೇರಿಗೆ 72,000 ಎಸ್ಟಿಮೇಟ್ ಕೊಟ್ಟರು. ಈಗ ‘ಇದು ಟೋಟಲ್ ಲಾಸ್’ ಅಂತ ಕಾಗದ ಬಂದಿದೆ. ಎರಡು ದಾರಿ ತೋರಿಸಿದ್ದಾರೆ. ಗಾಡಿ ಮತ್ತು ಆರ್‌ಸಿ ಎರಡೂ ಕೊಟ್ಟರೆ 59,000. ಗಾಡಿ ನಾವೇ ಇಟ್ಟುಕೊಂಡರೆ ಗುಜರಿ ಬೆಲೆ ಅಂತ 18,000 ಹಿಡಿದು 41,000 ಕೊಡುತ್ತಾರೆ, ಆದರೆ ಆರ್‌ಸಿ ಕ್ಯಾನ್ಸಲ್ ಮಾಡಿಸಿ ತರಬೇಕು.

ಅಪ್ಪ ಮೂರು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲ. ಶುಕ್ರವಾರದೊಳಗೆ ಸಹಿ ಮಾಡಿ ಅಂತ ಫೋನ್ ಮೇಲೆ ಫೋನ್. ಏನು ಮಾಡಲಿ?

ಹೆರಾಲ್ಡ್ ಅಣ್ಣ, ಬೆಂಗಳೂರು

ತಂಗಿ, ಮೊದಲು ಒಂದು ಮಾತು. ಸಹಿ ಮಾಡಬೇಡ. ಒರಿಜಿನಲ್ ಆರ್‌ಸಿ ಯಾರ ಕೈಗೂ ಕೊಡಬೇಡ. ಶುಕ್ರವಾರ ಅನ್ನುವುದು ಅವರ ಅನುಕೂಲಕ್ಕೆ ಇಟ್ಟ ದಿನ, ಅಷ್ಟೇ. ‘ಸರ್ವೇ ರಿಪೋರ್ಟ್ ಪ್ರತಿ ಕೊಡಿ, ಓದಿ ಉತ್ತರ ಕೊಡುತ್ತೇವೆ’ ಅಂತ ಇವತ್ತೇ ಒಂದು ಮೇಲ್ ಹಾಕು. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ, ಬರಹಕ್ಕೆ ಇರುತ್ತದೆ.

ನನ್ನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಅದಕ್ಕೂ ಒಮ್ಮೆ ಹೀಗೇ ಆಯಿತು. ಆ ಗ್ಯಾರೇಜ್‌ನವರು ಹಳೇ ಗಾಡಿಯ ಕೆಲಸ ಮಾಡಿದವರೇ ಅಲ್ಲ. ಹೊಸ ಕಾರಿನ ಲೆಕ್ಕದಲ್ಲಿ ‘ಪ್ಯಾನೆಲ್ ಬದಲಿಸಬೇಕು, ಪ್ಯಾನೆಲ್ ಸಿಗಲ್ಲ, ಹೊಸದಾಗಿ ಮಾಡಿಸಬೇಕು’ ಅಂತ ಬರೆದು ಎಸ್ಟಿಮೇಟ್ ಏರಿಸಿಬಿಟ್ಟರು. ನಮ್ಮ ಟಿಂಕರ್ ಅದನ್ನೇ ತಟ್ಟಿ ಸರಿ ಮಾಡಿದ, ಮೂರನೇ ಒಂದು ಭಾಗ ಖರ್ಚಿನಲ್ಲಿ. ನಿನ್ನ 72,000 ಎಲ್ಲಿಂದ ಬಂತು ಅಂತ ಒಂದೊಂದು ಸಾಲೂ ನೋಡು.

ನಿವೃತ್ತ ಸರ್ವೇಯರ್, ದಾವಣಗೆರೆ

ಏಟು ಬಿದ್ದ ಗಾಡಿಯ ನಷ್ಟ ನೋಡಿ ವಿಮೆ ಕಂಪನಿಗೆ ವರದಿ ಬರೆಯುವ ಇದೇ ಸರ್ವೇ ಕೆಲಸ ಮಾಡಿ ಬಂದವನು ನಾನು. ಲೆಕ್ಕ ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುತ್ತೇನೆ ಮೇಡಂ. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೇ ಗಾಡಿಗಳು ಗುಜರಿಗೆ ಹೋಗಿವೆ.

ಐಡಿವಿ ಅಂದರೆ ಗಾಡಿ ಪೂರ್ತಿ ಹೋದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. 2002ರ ಮೋಟಾರ್ ಟ್ಯಾರಿಫ್‌ನಲ್ಲಿ (ವಾಹನ ವಿಮೆಯ ದರ, ನಿಯಮಗಳ ಪುಸ್ತಕ) ಅದಕ್ಕೊಂದು ಪಟ್ಟಿ ಇದೆ. ಆರು ತಿಂಗಳ ಒಳಗಿನ ಗಾಡಿಗೆ ಹೊಸ ಬೆಲೆಯಲ್ಲಿ ಶೇಕಡಾ 5 ಕಡಿತ, ಒಂದು ವರ್ಷದೊಳಗೆ 15, ಹೀಗೆ ಏರುತ್ತಾ ನಾಲ್ಕರಿಂದ ಐದು ವರ್ಷಕ್ಕೆ 50. ಐದು ವರ್ಷ ದಾಟಿದ ಮೇಲೆ ಪಟ್ಟಿಯೇ ಇಲ್ಲ. ಕಂಪನಿ ಮತ್ತು ಮಾಲೀಕರು ಮಾತಾಡಿಕೊಂಡು ಬೆಲೆ ಗೊತ್ತು ಮಾಡಬೇಕು. ತಯಾರಿಕೆ ನಿಂತ ಮಾಡೆಲ್‌ಗಳಿಗೂ ಇದೇ ನಿಯಮ. ಪದ್ಮಿನಿ ಎರಡಕ್ಕೂ ಸೇರುತ್ತದೆ.

‘ಮಾತಾಡಿಕೊಂಡು’ ಅನ್ನುವ ಮಾತನ್ನು ಗಮನಿಸಿ. ನಿಜದಲ್ಲಿ ಯಾರೂ ಮಾತಾಡುವುದಿಲ್ಲ. ಏಜೆಂಟರು ಹೋದ ವರ್ಷದ ಮೊತ್ತಕ್ಕಿಂತ ಸ್ವಲ್ಪ ಕಡಿಮೆ ಹಾಕುತ್ತಾರೆ. ಪ್ರೀಮಿಯಂ ಇಳಿಯಿತಲ್ಲ ಅಂತ ಮಾಲೀಕರೂ ಖುಷಿಯಾಗಿ ಕಟ್ಟುತ್ತಾರೆ. ಆ ಕಡೆ ಮಾರುಕಟ್ಟೆಯಲ್ಲಿ ಒಳ್ಳೇ ಪದ್ಮಿನಿಯ ಬೆಲೆ ಏರುತ್ತಿರುತ್ತದೆ, ಈ ಕಡೆ ಪಾಲಿಸಿಯಲ್ಲಿ ಇಳಿಯುತ್ತಿರುತ್ತದೆ.

ರಿಪೇರಿ ಖರ್ಚು ಐಡಿವಿಯ ಶೇಕಡಾ 75 ದಾಟಿದರೆ ಅದು ಲೆಕ್ಕದ ಪ್ರಕಾರ ಟೋಟಲ್ ಲಾಸ್. ನಿಮ್ಮ ಗಾಡಿಗೆ ಆ ಗೆರೆ 45,000. ಎಸ್ಟಿಮೇಟ್ 72,000 ಇದ್ದರೆ ಸರ್ವೇಯರ್ ಬರೆದದ್ದು ತಪ್ಪಲ್ಲ. ಆದರೆ ಈ ಮಾತು ನಿಮ್ಮ ಗಾಡಿಯ ಮೈಗೆ ಏನಾಗಿದೆ ಅಂತ ಹೇಳುತ್ತಿಲ್ಲ, ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಮಾತ್ರ ಹೇಳುತ್ತಿದೆ. ಐಡಿವಿ 2 ಲಕ್ಷ ಇದ್ದಿದ್ದರೆ ಇದೇ ಏಟು ಮಾಮೂಲಿ ರಿಪೇರಿ ಕ್ಲೇಮ್ ಆಗುತ್ತಿತ್ತು.

ಈಗ ಪಾಲಿಸಿಯ ಮೊತ್ತ ಬದಲಿಸಲು ಆಗಲ್ಲ. ಎಸ್ಟಿಮೇಟ್ ಬದಲಿಸಬಹುದು. ನಿಮಗೆ ಬೇಕಾದ ಗ್ಯಾರೇಜ್‌ನಲ್ಲಿ ಕೆಲಸ ಮಾಡಿಸುವ ಹಕ್ಕು ನಿಮಗಿದೆ. ಕ್ಯಾಶ್‌ಲೆಸ್ ಸಿಗಲ್ಲ, ಮೊದಲು ನೀವು ಕೈಯಿಂದ ಕೊಟ್ಟು ಆಮೇಲೆ ಬಿಲ್ ತೋರಿಸಿ ಪಡೆಯಬೇಕು, ಅಷ್ಟೇ ವ್ಯತ್ಯಾಸ. ಹಳೇ ಫಿಯಟ್ ಕೈಯಾಡಿಸಿದ ಟಿಂಕರ್ ಹತ್ತಿರ ತೋರಿಸಿ, ಸಾಮಾನು ಬೇರೆ, ಕೂಲಿ ಬೇರೆ, ಪೇಂಟ್ ಬೇರೆ ಅಂತ ಬರೆಸಿ. ಮೊತ್ತ 45,000ದ ಒಳಗೆ ಬಂದರೆ ಮತ್ತೊಮ್ಮೆ ಸರ್ವೇ ಕೇಳಿ.

ಕಾಂಟೆಸ್ಸಾ, ಹುಬ್ಬಳ್ಳಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

‘ಗಾಡಿ ಬಿಡಬೇಡ, ಬಿಡಬೇಡ’ ಅಂತ ಎಲ್ಲರೂ ಹೇಳುತ್ತೀರಿ. ಆದರೆ ನಿಜವಾಗಿ ಮುಗಿದ ಗಾಡಿಗಳೂ ಇರುತ್ತವೆ. ಅವುಗಳ ಕಾಗದ ಮಾತ್ರ ಬದುಕಿ ಉಳಿದರೆ ಏನಾಗುತ್ತದೆ ಅಂತ ನಾನು ಅನುಭವಿಸಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾಂಟೆಸ್ಸಾ ತಗೊಂಡೆ. ಕಪ್ಪು ಬಣ್ಣ, ಒಳಗೆಲ್ಲ ಹೊಸ ಸೀಟು, ಆರ್‌ಸಿ ಚೊಕ್ಕ. ನೋಂದಣಿ ನವೀಕರಣಕ್ಕೆ ಹೋದಾಗ ಇನ್ಸ್‌ಪೆಕ್ಟರ್ ಚಾಸಿಸ್ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಪ್ರಿಂಟ್ ಮೂಡಿತು. ಅದನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ಕೊನೆಯ ಮೂರು ಅಂಕಿ ಉಳಿದವಕ್ಕಿಂತ ಆಳವಾಗಿದ್ದವು. ಒಂದು ಅಂಕಿ ಗೆರೆ ಬಿಟ್ಟು ಸ್ವಲ್ಪ ಮೇಲೆ ಕುಳಿತಿತ್ತು. ಸುತ್ತ ಉಜ್ಜಿದ ಗುರುತು.

ಆಮೇಲೆ ಗೊತ್ತಾಯಿತು. ಆ ಆರ್‌ಸಿ ಎಂದೋ ಟೋಟಲ್ ಲಾಸ್ ಆದ ಬೇರೆ ಕಾಂಟೆಸ್ಸಾದ್ದು. ನನ್ನ ಕೈಯಲ್ಲಿದ್ದ ಗಾಡಿ ಯಾರದು, ಎಲ್ಲಿಂದ ಬಂತು, ದೇವರಿಗೇ ಗೊತ್ತು. ಗಾಡಿ ಸ್ಟೇಷನ್‌ಗೆ ಹೋಯಿತು, ಕೊಟ್ಟ ದುಡ್ಡು ಹೋಯಿತು. ಕಾಂಟೆಸ್ಸಾ ತಯಾರಾಗಿದ್ದು 1984ರಿಂದ 2002ರವರೆಗೆ ಮಾತ್ರ, ಉಳಿದಿರುವುದೇ ಕಡಿಮೆ. ಇಂಥ ಗಾಡಿಗಳಲ್ಲಿ ಒಂದು ಚೊಕ್ಕ ಆರ್‌ಸಿಗೆ ಪುಡಿಯಾದ ಬಾಡಿಗಿಂತ ಜಾಸ್ತಿ ಬೆಲೆ. ಆರ್‌ಸಿ ಕ್ಯಾನ್ಸಲ್ ಮಾಡಿಸಿ ಅಂತ ಕಂಪನಿ ಕೇಳುವುದಕ್ಕೆ ಇದೂ ಒಂದು ಕಾರಣ. ಅದನ್ನು ಬರೀ ಕಿರುಕುಳ ಅಂದುಕೊಳ್ಳಬೇಡಿ.

ಪದ್ಮಿನಿ ಮಗಳು, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಸರ್, ಸರ್ವೇ ರಿಪೋರ್ಟ್ ಕೇಳಿ ಮೇಲ್ ಹಾಕಿದ್ದೇನೆ. ಎಸ್ಟಿಮೇಟ್ ಓದಿದೆ. ಹಿಂದಿನ ಪ್ಯಾನೆಲ್ ಮತ್ತು ಡಿಕ್ಕಿ ಬಾಗಿಲು ‘ಹೊಸದಾಗಿ ತಯಾರಿಸಬೇಕು’ ಅಂತ ಬರೆದು ಅದಕ್ಕೇ 31,000 ಹಾಕಿದ್ದಾರೆ. ಇಡೀ ಗಾಡಿಗೆ ಪೇಂಟ್ ಅಂತ 24,000. ಏಟು ಬಿದ್ದಿರುವುದು ಹಿಂದೆ ಮಾತ್ರ, ಅಲ್ವಾ?

ಹುಬ್ಬಳ್ಳಿ ಅಣ್ಣ, ನಿಮ್ಮ ಅನುಭವ ಓದಿ ಸಂಕಟವಾಯಿತು. ನಮ್ಮದು ಒಂದೇ ಮನೆಯಲ್ಲಿ ಇರುವ ಗಾಡಿ. ಆದರೂ ಅದು ಓಡಿಸಲು ಸುರಕ್ಷಿತವಾ ಅಂತ ನೋಡಿಯೇ ಮುಂದುವರಿಯುತ್ತೇನೆ, ಖಂಡಿತ.

ಮೈನರ್ ಮಾಮ, ಕವೆಂಟ್ರಿ

ನಾನು ಹಾಸನದವನು, ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಈ ವಿಷಯಕ್ಕೆ ಒಂದು ವ್ಯವಸ್ಥೆ ಇದೆ. ಅದರ ಒಳ್ಳೇದು ಕೆಟ್ಟದ್ದು ಎರಡನ್ನೂ ಉಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ರೈಟ್-ಆಫ್ (ನಿಮ್ಮಲ್ಲಿ ಟೋಟಲ್ ಲಾಸ್ ಅನ್ನುವುದು) ಆದ ಗಾಡಿಗೆ ಒಂದು ಅಕ್ಷರ ಅಂಟುತ್ತದೆ. ‘ಎ’ ಅಂದರೆ ಪೂರ್ತಿ ಪುಡಿ ಮಾಡಬೇಕು, ಒಂದು ನಟ್ಟೂ ತೆಗೆಯುವ ಹಾಗಿಲ್ಲ. ‘ಬಿ’ ಅಂದರೆ ಬಿಡಿಭಾಗ ಮಾರಬಹುದು, ಬಾಡಿ ಮತ್ತೆ ರಸ್ತೆಗೆ ಬರಬಾರದು. ‘ಎಸ್’ ಅಂದರೆ ಗಾಡಿಯ ಚೌಕಟ್ಟಿಗೇ ಏಟು ಬಿದ್ದಿದೆ, ಆದರೆ ಸರಿ ಮಾಡಿ ಓಡಿಸಬಹುದು. ‘ಎನ್’ ಅಂದರೆ ಚೌಕಟ್ಟಿಗೆ ಏಟಿಲ್ಲ. 2017ರ ಅಕ್ಟೋಬರ್‌ಗೆ ಮುಂಚೆ ‘ಎಸ್’, ‘ಎನ್’ ಜಾಗದಲ್ಲಿ ‘ಸಿ’, ‘ಡಿ’ ಇದ್ದವು. ಅವು ಮುಖ್ಯವಾಗಿ ದುಡ್ಡಿನ ಲೆಕ್ಕ. ರಿಪೇರಿ ಖರ್ಚು ಗಾಡಿ ಬೆಲೆ ದಾಟಿದರೆ ‘ಸಿ’. ಅದನ್ನು ಬದಲಿಸಿ ಏಟು ಎಲ್ಲಿ ಬಿದ್ದಿದೆ ಅಂತ ನೋಡುವ ಕ್ರಮ ತಂದರು. ಇದು ಒಳ್ಳೇ ಬದಲಾವಣೆ ಅಂತ ನನ್ನ ಅಭಿಪ್ರಾಯ.

ನನ್ನ ಹತ್ತಿರ 1967ರ ಮೋರಿಸ್ ಮೈನರ್ ಇದೆ. ಯಾರೋ ಪಾರ್ಕಿಂಗ್‌ನಲ್ಲಿ ಮುಂದಿನ ಮಡ್‌ಗಾರ್ಡ್‌ಗೆ ಗುದ್ದಿ ಹೋದರು. ಮೈನರ್‌ನ ಮುಂದಿನ ಮಡ್‌ಗಾರ್ಡ್ ಬೋಲ್ಟ್ ಬಿಚ್ಚಿ ತೆಗೆಯುವಂಥದ್ದು, ಒಂದು ವಾರಾಂತ್ಯದ ಕೆಲಸ. ಆದರೆ ನನ್ನ ಪಾಲಿಸಿ ಮಾರುಕಟ್ಟೆ ಬೆಲೆಯದ್ದು. ಅವರು ಗಾಡಿಗೆ 2,500 ಪೌಂಡ್ ಬೆಲೆ ಕಟ್ಟಿದರು, ರಿಪೇರಿಗೆ 2,200 ಎಸ್ಟಿಮೇಟ್ ಬಂತು. ‘ಎನ್’ ಅಂತ ಬರೆದುಬಿಟ್ಟರು. ಗಾಡಿಯನ್ನು ಅವರಿಂದ ವಾಪಸ್ ಕೊಂಡು ನಾನೇ ಸರಿ ಮಾಡಿದೆ. ಇವತ್ತು ಅದನ್ನು ನೋಡಿದವರಿಗೆ ಏಟು ಬಿದ್ದದ್ದೇ ಗೊತ್ತಾಗುವುದಿಲ್ಲ. ಆದರೆ ವಿಮೆ ಕಂಪನಿಗಳ ದಾಖಲೆಯಲ್ಲಿ ಆ ಅಕ್ಷರ ಕೊನೇವರೆಗೂ ಇರುತ್ತದೆ. ಮಾರಲು ಹೋದರೆ ಮೊದಲು ಕೇಳುವುದೇ ಅದನ್ನು.

ಅವತ್ತಿನಿಂದ ನಾನು ಅಗ್ರೀಡ್ ವ್ಯಾಲ್ಯೂ ಪಾಲಿಸಿ ಮಾಡಿದ್ದೇನೆ. ಫೋಟೋ, ಖರ್ಚಿನ ರಸೀದಿ, ಕ್ಲಬ್‌ನ ಪತ್ರ ಕೊಟ್ಟು ಮೊದಲೇ ಬೆಲೆ ಒಪ್ಪಿಸಿಕೊಳ್ಳುವುದು. ಅಪಘಾತ ಆದ ದಿನ ಬೆಲೆಯ ಬಗ್ಗೆ ಜಗಳವೇ ಇರುವುದಿಲ್ಲ. ರೈಟ್-ಆಫ್ ಆದರೂ ಗಾಡಿ ಇಟ್ಟುಕೊಳ್ಳುವ ಹಕ್ಕು ಮಾಲೀಕರಿಗೇ ಅಂತ ಕೆಲವು ಕ್ಲಾಸಿಕ್ ಪಾಲಿಸಿಗಳಲ್ಲಿ ಬರೆದೇ ಇರುತ್ತದೆ.

ಇನ್ನೊಂದು ವಿಷಯ. ಇಲ್ಲಿ 2025ರವರೆಗೆ ಹಳೇ ಗಾಡಿಯನ್ನು ತೀರಾ ಬದಲಿಸಿದರೆ ಗುರುತೇ ಹೋಗುತ್ತಿತ್ತು. ಅಂಕ ಕೊಡುವ ಪದ್ಧತಿ ಇತ್ತು. ಮೂಲ ಚಾಸಿಸ್ ಅಥವಾ ಬಾಡಿಗೆ 5 ಅಂಕ, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್‌ಗೆ ತಲಾ 2, ಇಂಜಿನ್‌ಗೆ 1. ಚಾಸಿಸ್ ಅಥವಾ ಬಾಡಿಯ ಅಂಕವೂ ಸೇರಿ ಒಟ್ಟು 8 ಬಂದರೆ ಹಳೇ ನಂಬರ್ ಉಳಿಯುತ್ತಿತ್ತು. ಇಂಜಿನ್‌ಗೆ ಬರೀ ಒಂದು ಅಂಕ ಅನ್ನುವುದನ್ನು ನೋಡಿ. ಗಾಡಿಯ ಜೀವ ಬಾಡಿಯಲ್ಲಿದೆ ಅಂತ ಅವರು ತೀರ್ಮಾನಿಸಿದ್ದರು.

ಡಾಲ್ಫಿನ್, ಬೆಂಗಳೂರು

ನಮ್ಮೂರಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಓಡಿಸುವವನು ನಾನು. ಬಾಡಿ ಪೂರ್ತಿ ಫೈಬರ್. ಏಟು ಬಿದ್ದರೆ ಡೆಂಟ್ ಆಗಲ್ಲ, ಸೀಳುತ್ತದೆ. ಸರ್ವೇಗೆ ಬಂದವರು ‘ಈ ಪಾರ್ಟ್ ಯಾವ ಲಿಸ್ಟ್‌ನಲ್ಲೂ ಇಲ್ಲ, ಬೆಲೆ ಹೇಗೆ ಹಾಕಲಿ’ ಅಂತ ಪೆನ್ನು ಮುಚ್ಚಿಟ್ಟರು. ಬಸ್ ಬಾಡಿಗೆ ಫೈಬರ್ ಕೆಲಸ ಮಾಡುವ ಶೆಡ್ ಒಂದಕ್ಕೆ ಅವರನ್ನೇ ಕರೆದುಕೊಂಡು ಹೋದೆ. ಮ್ಯಾಟ್ ಹಾಸಿ, ರೆಸಿನ್ ಹಚ್ಚಿ, ಉಜ್ಜಿ ತೋರಿಸಿದರು. ಫೈಬರ್ ಭಾಗಕ್ಕೆ ಶೇಕಡಾ 30 ಸವಕಳಿ (ಹಳೇದಾಗಿದೆ ಅಂತ ಮಾಡುವ ಕಡಿತ) ಹಿಡಿದು ಕ್ಲೇಮ್ ಪಾಸ್ ಮಾಡಿದರು. ಅಕ್ಕ, ಸರ್ವೇಯರ್‌ನ ಶತ್ರು ಅಂದುಕೊಳ್ಳಬೇಡಿ. ಅವರಿಗೂ ಹಳೇ ಗಾಡಿ ಹೊಸದು. ತೋರಿಸಿದರೆ ಒಪ್ಪುತ್ತಾರೆ.

ಬೀಟಲ್, ಆಸ್ಟಿನ್

ಅಮೆರಿಕದ ಕಥೆ ಎರಡು ಮಾತಿನಲ್ಲಿ. ಇಲ್ಲಿ ಗಾಡಿಯ ಒಡೆತನದ ಪತ್ರಕ್ಕೆ ಟೈಟಲ್ ಅಂತಾರೆ. ಟೋಟಲ್ ಆದರೆ ಆ ಪತ್ರದ ಮೇಲೇ ‘ಸಾಲ್ವೇಜ್’ ಅಂತ ಬೀಳುತ್ತದೆ. ರಿಪೇರಿ ಮಾಡಿ ಮತ್ತೆ ರಸ್ತೆಗೆ ತಂದರೆ ‘ರೀಬಿಲ್ಟ್’ ಅಂತ ಬದಲಾಗುತ್ತದೆ, ಚೊಕ್ಕ ಟೈಟಲ್ ಮಾತ್ರ ಮತ್ತೆ ಸಿಗಲ್ಲ. ಗೆರೆ ಒಂದೊಂದು ರಾಜ್ಯಕ್ಕೆ ಒಂದೊಂದು. ನಾನಿರುವ ಟೆಕ್ಸಸ್‌ನಲ್ಲಿ ರಿಪೇರಿ ಖರ್ಚು ಗಾಡಿಯ ಬೆಲೆಯನ್ನೇ ದಾಟಬೇಕು. ಫ್ಲೋರಿಡಾದಲ್ಲಿ ಶೇಕಡಾ 80. ಇದರಿಂದ ಒಂದು ರಾಜ್ಯದ ಕಲೆಯನ್ನು ಇನ್ನೊಂದು ರಾಜ್ಯದ ಪತ್ರದಲ್ಲಿ ತೊಳೆಯುವ ದಂಧೆ ಬೆಳೆಯಿತು. 2005ರ ಕತ್ರಿನಾ ಚಂಡಮಾರುತದಲ್ಲಿ ಮುಳುಗಿದ ಗಾಡಿಗಳು ಹೀಗೆ ದೇಶದ ತುಂಬಾ ಹರಡಿದವು.

ಇಲ್ಲಿರುವ ಕನ್ನಡದವರು ಯಾರಾದರೂ ಹಳೇ ಗಾಡಿ ಇಟ್ಟಿದ್ದರೆ ಒಂದು ಎಚ್ಚರಿಕೆ. ‘ಅಗ್ರೀಡ್ ವ್ಯಾಲ್ಯೂ’ ಬೇರೆ, ‘ಸ್ಟೇಟೆಡ್ ವ್ಯಾಲ್ಯೂ’ ಬೇರೆ. ಎರಡನೆಯದರಲ್ಲಿ ನೀವು ಹೇಳಿದ ಬೆಲೆ ಮತ್ತು ಅವತ್ತಿನ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುತ್ತಾರೆ. ಸ್ನೇಹಿತರೊಬ್ಬರು ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಜಾಸ್ತಿ ಪ್ರೀಮಿಯಂ ಕಟ್ಟಿದರು, ಕೈಗೆ ಬಂದದ್ದು ಅರ್ಧ.

ಕಾಂಟೆಸ್ಸಾ, ಹುಬ್ಬಳ್ಳಿ

ಕವೆಂಟ್ರಿ ಮಾಮ, ಆ ಅಕ್ಷರದಿಂದ ನಿಮಗೆ ನಷ್ಟ ಆಗಿದೆ ನಿಜ. ಆದರೆ ಅಂಥದ್ದೊಂದು ಗುರುತು ನನ್ನ ಕಾಂಟೆಸ್ಸಾದ ಆರ್‌ಸಿಯಲ್ಲಿ ಇದ್ದಿದ್ದರೆ ನಾನು ಮೋಸ ಹೋಗುತ್ತಿರಲಿಲ್ಲ. ನಮ್ಮ ಆರ್‌ಸಿಯಲ್ಲಿ ‘ಈ ಗಾಡಿ ಒಮ್ಮೆ ರೈಟ್-ಆಫ್ ಆಗಿತ್ತು’ ಅಂತ ಬರೆಯುವ ಜಾಗವೇ ಇಲ್ಲ. ಆರ್‌ಸಿ ಇದೆ ಅಥವಾ ಕ್ಯಾನ್ಸಲ್ ಆಗಿದೆ, ಎರಡೇ ಸ್ಥಿತಿ. ನಡುವಿನ ಮೆಟ್ಟಿಲು ಇಲ್ಲ. ಆ ಮೆಟ್ಟಿಲು ಇದ್ದಿದ್ದರೆ ಈ ತಂಗಿಯ ಗಾಡಿ ‘ಎನ್’ ಅಂತ ಹಾಕಿಸಿಕೊಂಡು ಆರಾಮಾಗಿ ಓಡುತ್ತಿತ್ತು, ಆರ್‌ಸಿ ಕ್ಯಾನ್ಸಲ್ ಮಾತೇ ಬರುತ್ತಿರಲಿಲ್ಲ.

ಮೈನರ್ ಮಾಮ, ಕವೆಂಟ್ರಿ

ಇದನ್ನು ಒಪ್ಪುತ್ತೇನೆ. ನಾನು ಈ ಕಡೆಯಿಂದ ಯೋಚಿಸಿರಲಿಲ್ಲ.

ವಕೀಲ, ಮಂಡ್ಯ

ಕಾನೂನಿನ ನಾಲ್ಕು ಮಾತು.

ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಗಾಡಿ ನಾಶವಾದರೆ ಅಥವಾ ಮತ್ತೆಂದೂ ಬಳಸಲಾಗದ ಸ್ಥಿತಿಗೆ ಬಂದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ‘ಮತ್ತೆಂದೂ ಬಳಸಲಾಗದ’ ಅನ್ನುವ ಮಾತು ಮುಖ್ಯ. ರಿಪೇರಿ ದುಬಾರಿ ಅನ್ನುವುದು ಬೇರೆ, ಬಳಸಲಾಗದು ಅನ್ನುವುದು ಬೇರೆ. ಮನೆಗೆ ಓಡಿಸಿಕೊಂಡು ಬಂದ ಗಾಡಿ ಎರಡನೆಯದಲ್ಲ.

ಇನ್ನೊಂದು. ಎಂದಾದರೂ ಗಾಡಿಯನ್ನು ಗುಜರಿಗೆ ಕೊಡುವುದಾದರೆ, ಆರ್‌ಸಿ ಕ್ಯಾನ್ಸಲ್ ಆಗಬೇಕು ಅಥವಾ ತಗೊಂಡವರ ಹೆಸರಿಗೆ ವರ್ಗ ಆಗಬೇಕು. ಸುಮ್ನೆ ಹೆಸರು ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಬರಬೇಡಿ. 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ. ನಿಮ್ಮ ಅಪ್ಪನ ಹೆಸರಿನ ಆರ್‌ಸಿ ಬೇರೆ ಯಾವುದೋ ಗಾಡಿಯ ಮೇಲೆ ಕುಳಿತು ಯಾರಿಗೋ ಗುದ್ದಿದರೆ ಸಮನ್ಸ್ ಬರುವುದು ನಿಮ್ಮ ಮನೆಗೆ.

ಟೆಂಪೋದವರ ಮೇಲೆ ಪೊಲೀಸ್ ದೂರು ಕೊಟ್ಟಿದ್ದೀರಾ? ತಪ್ಪು ಅವರದು. ಅವರ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಿಂದ ನಿಮ್ಮ ಗಾಡಿಯ ನಷ್ಟವನ್ನೂ ಕೇಳಬಹುದು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಬರೀ ಗಾಯ, ಸಾವಿಗಷ್ಟೇ ಅಂತ ಜನ ತಿಳಿದಿದ್ದಾರೆ. ಆಸ್ತಿ ನಷ್ಟದ ಅರ್ಜಿಯನ್ನೂ ಅದು ಕೇಳುತ್ತದೆ. ನಿಮ್ಮ ಕಂಪನಿ ಕೊಟ್ಟ ಮೊತ್ತವನ್ನೇ ಮತ್ತೆ ಕೇಳುವಂತಿಲ್ಲ, ಉಳಿದದ್ದಕ್ಕೆ ಕೇಳಬಹುದು. ಕಾಯ್ದೆಯಲ್ಲಿ ಆರು ತಿಂಗಳ ಗಡುವಿದೆ, ತಡ ಮಾಡಬೇಡಿ.

ನಿಮ್ಮ ಕಂಪನಿ ಮರು ಸರ್ವೇಗೆ ಒಪ್ಪದಿದ್ದರೆ ಮೊದಲು ಅವರಲ್ಲೇ ಲಿಖಿತ ದೂರು. ಒಂದು ತಿಂಗಳಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ (ವಿಮೆ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿ) ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಕಿಲ್ಲ.

ಹೆರಾಲ್ಡ್ ಅಣ್ಣ, ಬೆಂಗಳೂರು

ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ ಗೊತ್ತಲ್ಲ? ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಫೀಸು 20,000, ಹತ್ತು ವರ್ಷ ನಡೆಯುತ್ತದೆ. ದಿನಾ ಓಡಿಸುವ ಹಾಗಿಲ್ಲ, ರ‍್ಯಾಲಿ, ಪ್ರದರ್ಶನಕ್ಕೆ ಹೋಗಬಹುದು, ಪೆಟ್ರೋಲ್, ರಿಪೇರಿಗೆ ಹೊರಗೆ ತೆಗೆಯಬಹುದು. ಷರತ್ತು ಏನೆಂದರೆ ಚಾಸಿಸ್, ಬಾಡಿ ಶೆಲ್, ಇಂಜಿನ್ ಬದಲಾಗಿರಬಾರದು. ನಿಮ್ಮ ಪದ್ಮಿನಿಗೆ 2028ಕ್ಕೆ 50 ತುಂಬುತ್ತದೆ ತಂಗಿ. ಇಷ್ಟು ಹತ್ತಿರ ಬಂದು ಆರ್‌ಸಿ ಕ್ಯಾನ್ಸಲ್ ಮಾಡಿಸುವುದಾ? ಇನ್ನೊಂದು, ಯಾರಾದರೂ ‘ಬೇರೆ ಪದ್ಮಿನಿಯ ಶೆಲ್ ಸಿಗುತ್ತದೆ, ಅದಕ್ಕೆ ನಿಮ್ಮ ಇಂಜಿನ್ ಕೂರಿಸೋಣ’ ಅಂದರೆ ಒಪ್ಪಬೇಡ. ಅಲ್ಲಿಗೆ ತಾತನ ಗಾಡಿ ಮುಗಿಯಿತು.

ಪದ್ಮಿನಿ ಮಗಳು, ಮೈಸೂರು

ಇವತ್ತು ಮಂಡಿ ಮೊಹಲ್ಲಾದ ಟಿಂಕರ್ ಚಾಚಾ ಮನೆಗೆ ಬಂದಿದ್ದರು. ಅಪ್ಪನಿಗಿಂತ ದೊಡ್ಡವರು. ಫಿಯಟ್ ಕೆಲಸ ಹುಡುಗನಾಗಿದ್ದಾಗಿಂದ ಮಾಡುತ್ತಿದ್ದಾರಂತೆ. ಅವರು ನೋಡಿದ ಕ್ರಮವನ್ನು ನಿಮಗೆಲ್ಲ ಹೇಳಲೇಬೇಕು.

ಮೊದಲು ಡೆಂಟ್ ಕಡೆ ನೋಡಲೇ ಇಲ್ಲ. ಹಿಂದಿನ ಬಾಗಿಲು ತೆಗೆದು ಮೆಲ್ಲಗೆ ತಳ್ಳಿದರು. ಟಕ್ ಅಂತ ಕೂತಿತು. ಆ ಕಡೆಯದೂ ಹಾಗೇ. ಬಾಗಿಲಿನ ಸಂದಿನಲ್ಲಿ ಮೇಲಿಂದ ಕೆಳಗೆ ಬೆರಳ ತುದಿ ಎಳೆದರು. ಹಿಂದಿನ ಗಾಜಿನ ಸುತ್ತ ರಬ್ಬರ್ ಎಲ್ಲಾದರೂ ಎದ್ದಿದೆಯಾ ಅಂತ ಒತ್ತಿ ನೋಡಿದರು. ಆಮೇಲೆ ಜೇಬಿನಿಂದ ದಾರ ತೆಗೆದು, ಗಾಡಿಯ ಕೆಳಗೆ ಹಳೇ ಚೀಲ ಹಾಸಿ ಮಲಗಿದರು. ನನಗೆ ದಾರದ ಒಂದು ತುದಿ ಹಿಡಿಯಲು ಹೇಳಿದರು. ಬಲಗಡೆ ಲೀಫ್ ಸ್ಪ್ರಿಂಗಿನ ಮುಂದಿನ ಬೋಲ್ಟ್‌ನಿಂದ ಎಡಗಡೆಯ ಹಿಂದಿನ ಬೋಲ್ಟ್‌ಗೆ ಎಳೆದು ಅಲ್ಲೊಂದು ಗಂಟು. ಅದೇ ದಾರವನ್ನು ಎಡದಿಂದ ಬಲಕ್ಕೆ ಅಡ್ಡ ಎಳೆದರು. ಗಂಟು ಬೋಲ್ಟಿನ ಮೇಲೇ ಬಂದು ಕೂತಿತು. ‘ಒಂದು ನೂಲೂ ಹೋಗಿಲ್ಲ ಬೇಟಿ. ಏಟು ಚರ್ಮಕ್ಕೆ, ಮೂಳೆಗಲ್ಲ’ ಅಂದರು. ಅಷ್ಟು ಹೊತ್ತು ಜಗಲಿಯಲ್ಲಿ ಕೂತಿದ್ದ ಅಪ್ಪ ಆಗ ಎದ್ದು ಬಂದರು.

ಎಸ್ಟಿಮೇಟ್ ಬರೆಸಿದೆ. ಹಳೇ ಡಿಕ್ಕಿ ಬಾಗಿಲು, ಬಂಪರ್ ಮತ್ತು ಪ್ಯಾನೆಲ್ ತೇಪೆಯ ತಗಡು ಸೇರಿ 11,000, ಟೈಲ್ ಲ್ಯಾಂಪ್ 3,000, ಟಿಂಕರಿಂಗ್ ಕೂಲಿ 12,500, ಹಿಂದಿನ ಅರ್ಧಕ್ಕೆ ಪೇಂಟ್ 12,000. ಒಟ್ಟು 38,500.

ನಿವೃತ್ತ ಸರ್ವೇಯರ್, ದಾವಣಗೆರೆ

ಬಹಳ ಒಳ್ಳೇದಾಯಿತು ಮೇಡಂ. 45,000ದ ಗೆರೆಯ ಕೆಳಗಿದೆ. ದಾರದ ಅಳತೆಯ ಫೋಟೋ ಇದ್ದರೆ ಅದನ್ನೂ ಸೇರಿಸಿ.

ಆದರೆ ಕೈಗೆ ಎಷ್ಟು ಬರುತ್ತದೆ ಅಂತ ಈಗಲೇ ತಿಳಿದುಕೊಳ್ಳಿ. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೆ ಶೇಕಡಾ 50 ಸವಕಳಿ, 11,000ದಲ್ಲಿ 5,500 ಹೋಯಿತು. ಪ್ಲಾಸ್ಟಿಕ್‌ಗೂ 50, ಲ್ಯಾಂಪಿನಲ್ಲಿ 1,500 ಹೋಯಿತು. ಪೇಂಟ್ ಬಿಲ್‌ನಲ್ಲಿ ಕಾಲು ಭಾಗವನ್ನು ಸಾಮಗ್ರಿ ಅಂತ ಹಿಡಿದು ಅದರಲ್ಲಿ ಅರ್ಧ ಕಡಿತ, ಅಂದರೆ 1,500. ಕೂಲಿಗೆ ಸವಕಳಿ ಇಲ್ಲ. ಕೊನೆಗೆ ಕಡ್ಡಾಯ ಕಡಿತ 1,000. ಉಳಿಯುವುದು 29,000.

ನೇರವಾಗಿ ಹೇಳಬೇಕು ಅಂದರೆ, ಟೋಟಲ್ ಲಾಸ್ ಒಪ್ಪಿ ಗಾಡಿ ಇಟ್ಟುಕೊಂಡರೆ 41,000 ಬರುತ್ತದೆ. ಅಂದರೆ ಆರ್‌ಸಿ ಉಳಿಸಿಕೊಳ್ಳಲು 12,000 ಬಿಟ್ಟುಕೊಡುತ್ತಿದ್ದೀರಿ. ಇದನ್ನು ಮನೆಯಲ್ಲಿ ಕೂತು ಮಾತಾಡಿ.

ಪದ್ಮಿನಿ ಮಗಳು, ಮೈಸೂರು

ಅಪ್ಪನಿಗೆ ಈ ಲೆಕ್ಕ ಓದಿ ಹೇಳಿದೆ. ‘ಆರ್‌ಸಿ ಇಲ್ಲದ ಗಾಡಿಯನ್ನು ಶೆಡ್‌ನಲ್ಲಿಟ್ಟು ಪೂಜೆ ಮಾಡಲಾ? ನನಗೆ ಓಡಿಸಬೇಕು’ ಅಂದರು. ಮರು ಸರ್ವೇಗೆ ಪತ್ರ ಕೊಟ್ಟಿದ್ದೇವೆ. ಟೆಂಪೋ ಮೇಲೆ ಅವತ್ತೇ ದೂರು ಕೊಟ್ಟಿದ್ದು ಒಳ್ಳೇದಾಯಿತು, ಉಳಿದ 9,500ಕ್ಕೆ ಅರ್ಜಿ ಹಾಕುತ್ತೇವೆ.

ಒಂದು ಪ್ರಶ್ನೆ. ಕವೆಂಟ್ರಿ ಮಾಮ ಹೇಳಿದ ಅಗ್ರೀಡ್ ವ್ಯಾಲ್ಯೂ ನಮ್ಮಲ್ಲಿ ಸಿಗಲ್ವಾ?

ನಿವೃತ್ತ ಸರ್ವೇಯರ್, ದಾವಣಗೆರೆ

ಟ್ಯಾರಿಫ್‌ನಲ್ಲಿ ಇದೆ, ಆದರೆ ವಿಂಟೇಜ್ ಕಾರುಗಳಿಗೆ ಮಾತ್ರ. ಅಲ್ಲಿ ವಿಂಟೇಜ್ ಅಂದರೆ 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದದ್ದು. ನೋಂದಣಿ ನಿಯಮದ 50 ವರ್ಷಕ್ಕೂ ಇದಕ್ಕೂ ಸಂಬಂಧ ಇಲ್ಲ. ಪದ್ಮಿನಿ, ಹೆರಾಲ್ಡ್, ಕಾಂಟೆಸ್ಸಾ, ಅಂಬಾಸಿಡರ್ ಯಾವುದೂ ಬರಲ್ಲ. ಇದು ಸರಿಯಲ್ಲ ಅಂತ ನಾನು ಕೆಲಸದಲ್ಲಿದ್ದಾಗಲೂ ಹೇಳುತ್ತಿದ್ದೆ.

ನಿಮಗೆ ಉಳಿದಿರುವ ದಾರಿ ‘ಮಾತಾಡಿಕೊಂಡು’ ಐಡಿವಿ ಏರಿಸುವುದು. ರಿನ್ಯೂವಲ್‌ಗೆ ಒಂದು ತಿಂಗಳು ಮುಂಚೆ ಲೈಸೆನ್ಸ್ ಇರುವ ಸರ್ವೇಯರ್‌ರಿಂದ ಬೆಲೆಯ ವರದಿ ಬರೆಸಿ. ನಾಲ್ಕೂ ಕಡೆಯಿಂದ ಫೋಟೋ, ಗಾಡಿಯ ಕೆಳಭಾಗದ ಫೋಟೋ, ಖರ್ಚಿನ ರಸೀದಿ ಸೇರಿಸಿ ಕಚೇರಿಗೆ ಕೊಡಿ. ಆನ್‌ಲೈನ್‌ನಲ್ಲಿ ಕಟ್ಟಬೇಡಿ, ಅಲ್ಲಿ ಮಾತಿಗೆ ಜಾಗ ಇಲ್ಲ. ಒಂದು ಕಂಪನಿ ಒಪ್ಪದಿದ್ದರೆ ಇನ್ನೊಂದು. ಪ್ರೀಮಿಯಂ ಜಾಸ್ತಿ ಆಗುತ್ತದೆ, ಆಗಲಿ.

ಪದ್ಮಿನಿ ಮಗಳು, ಮೈಸೂರು

ಏಳು ವಾರದ ನಂತರ ಬರೆಯುತ್ತಿದ್ದೇನೆ.

ಮರು ಸರ್ವೇಗೆ ಬೇರೆಯವರು ಬಂದರು. ಚಾಚಾ ಅವರ ಮುಂದೆಯೂ ದಾರ ಎಳೆದು ತೋರಿಸಿದರು. ಅವರು ಟೇಪ್ ಹಿಡಿದು ತಾವೂ ಅಳೆದು ನೋಡಿದರು, ಎರಡು ಕಡೆಯೂ ಒಂದೇ ಬಂತು. ರಿಪೇರಿ ಕ್ಲೇಮ್ ಅಂತ ಬರೆದರು. ಹೋದ ಗುರುವಾರ 29,000 ಖಾತೆಗೆ ಬಂತು. ದಾವಣಗೆರೆ ಸರ್, ಒಂದು ರೂಪಾಯಿಯೂ ಆಚೀಚೆ ಆಗಲಿಲ್ಲ. ಟೆಂಪೋ ಮೇಲಿನ ಅರ್ಜಿ ಇನ್ನೂ ನಡೆಯುತ್ತಿದೆ.

ಗಾಡಿ ನಿನ್ನೆ ಬಂತು. ಬಣ್ಣ ಹಿಂದೆ ಒಂಚೂರು ಹೊಸದಾಗಿ ಕಾಣುತ್ತದೆ, ಬಿಸಿಲಿಗೆ ಸರಿಹೋಗುತ್ತದಂತೆ. ಅಪ್ಪ ಡಿಕ್ಕಿಯ ಬಾಗಿಲನ್ನು ಐದಾರು ಸಲ ತೆಗೆದು ಮುಚ್ಚಿ ನೋಡಿದರು. ಆಮೇಲೆ ಆರ್‌ಸಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿಟ್ಟು, ಬೀಗದ ಕೈ ನನಗೆ ಕೊಟ್ಟರು. ರಿನ್ಯೂವಲ್ ಮಾರ್ಚ್‌ನಲ್ಲಿದೆ. ಬೆಲೆಯ ವರದಿ ಬರೆಯುವ ಸರ್ವೇಯರ್ ಮೈಸೂರಿನಲ್ಲಿ ಯಾರಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ.